ಅಡುಗೆಮನೆಯಲ್ಲಿ ಇಲ್ಲದ ಪತ್ರಾವಳಿ

ಹೊಳೆದಂಡೆಯ ಮಠದಲ್ಲಿ ಚನ್ನವೀರ ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತ ಕೂತಿದ್ದ. ದಾಸೋಹಕ್ಕೆ ಬರುವವರು ಫೋನಿನಲ್ಲೇ ಹೆಸರು ತಿಳಿಸಲೆಂದು ಅವನೊಂದು ಪೈಥಾನ್ ಪ್ರೋಗ್ರಾಂ ಬರೆದಿದ್ದ. ಮಧ್ಯಾಹ್ನದ ಪಂಕ್ತಿಗೆ ಅದು ಶುರುವಾಗಬೇಕು. ಅವನ ಜೀವವೆಲ್ಲ ಅದರಲ್ಲೇ ಇತ್ತು.

ಹಾಳಾದ್ದು, ಏಳುತ್ತಲೇ ಇರಲಿಲ್ಲ.

ಮಠದ ಗುರುಗಳು ಪಕ್ಕ ಬಂದು ಕೂತರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಕಾವಿ ಉಡುವ ಮುಂಚೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿದವರು.

"ಏನಾತೋ ತಮ್ಮಾ?"

"ಭಕ್ತರ ಮಾಹಿತಿ ತೆರಿಯೋ ಪಾಸ್‌ವರ್ಡ್ ವೆಬ್ ಸರ್ವರ್‌ನಾಗ ಇಟ್ಟೇನ್ರಿ ಅಜ್ಜಾರ. ನನ್ನ ಪ್ರೋಗ್ರಾಂ ಎದ್ದ ಕೂಡಲೇ ಅದನ್ನ ಕೇಳ್ತೈತಿ. ಅಂಥಾದ್ದೇನೂ ಇಲ್ಲ ಅಂತ ಬರ್ತೈತಿ. ಸಾಕಾಗಿ ಹೋತ್ರಿ. ಪಾಸ್‌ವರ್ಡ್‌ನ ಪ್ರೋಗ್ರಾಂನಾಗ ಬರದು ಬಿಡ್ತೀನಿ."

"ನಾಳೆ ಈ ಪ್ರೋಗ್ರಾಂ ಬ್ಯಾರೆ ಮಠದವರಿಗೂ ಕೊಡ್ತೀವಿ. ಅವರೆಲ್ಲ ಪಾಸ್‌ವರ್ಡ್ ಓದ್ತಾರ. ನಂಬಿ ಫೋನ್ ನಂಬರ್ ಕೊಟ್ಟ ಮಂದಿಗೆ ಏನ್ ಹೇಳ್ತಿ?"

ಚನ್ನವೀರನ ಮುಖ ಸಪ್ಪಗಾಯಿತು.

"ಅದಿರ್ಲಿ, ಅಡುಗಿಮನಿಯಿಂದ ಒಂದು ಪತ್ರಾವಳಿ ತಗೊಂಡು ಬಾ."

ಈ ಅವಸರದಲ್ಲಿ ಊಟದ ಎಲೆ ಯಾಕೆ ಎಂದು ಗೊಣಗುತ್ತ ಹೋದ. ಅನ್ನ, ಸಾರು, ಪಲ್ಯ ಎಲ್ಲ ಸಿದ್ಧವಾಗಿತ್ತು. ಪತ್ರಾವಳಿ ಮಾತ್ರ ಒಂದೂ ಇರಲಿಲ್ಲ. ಬರಿಗೈಯಲ್ಲಿ ಬಂದ.

"ಇಲ್ರಿ."

"ಹಂಗಾರ ಮಂದಿ ಎದರಾಗ ಉಣ್ತಾರ?"

ಅವನಿಗೆ ಗೊತ್ತಿರಲಿಲ್ಲ. ದಿನಾ ಒಳಗೆ ಕೂತು, ಲ್ಯಾಪ್‌ಟಾಪ್ ನೋಡುತ್ತ, ಸ್ಟೀಲ್ ತಟ್ಟೆಯಲ್ಲಿ ಉಂಡೆದ್ದವನು, ಪಾಪ.

"ಊಟಕ್ಕ ಮೊದಲನೆಯವರು ಬರೂತನಕ ಅಡುಗಿಮನಿ ಬಾಗಿಲಾಗ ನಿಂದ್ರು."

ನಿಂತ. ಹೊಳೆ ದಾಟಿ ಒಬ್ಬ ಮುದುಕಿ ಬಂದಳು. ಹೆಬ್ಬಾಗಿಲಲ್ಲಿ ಕೂತಿದ್ದ ಗಿರೆವ್ವ ಅವಳ ಕೈಗೊಂದು ಪತ್ರಾವಳಿ ಕೊಟ್ಟು ಒಳಗೆ ಕಳಿಸಿದಳು. ಹಿಂದೆ ಬಂದವನಿಗೂ ಒಂದು ಕೊಟ್ಟಳು. ಅಡುಗೆಯವರು ಅದಕ್ಕೇ ಬಡಿಸಿದರು.

ಚನ್ನವೀರ ನಗುತ್ತ ಓಡಿ ಬಂದ.

"ಸರ್ವರ್ ಪಾಸ್‌ವರ್ಡ್‌ನ ಗಿರೆವ್ವನಂಗ ಬಾಗಿಲಾಗ ಇಟ್ಕೊಂಡೈತ್ರಿ ಅಜ್ಜಾರ. ಫೋನಿನಿಂದ ಕೋರಿಕೆ ಬಂದಾಗ ಅದರ ಜೋಡಿ ಒಳಗ ಕಳಸ್ತೈತಿ. ನಾ ಯಾರೂ ಬರೋ ಮೊದಲ ಮನಿಯೊಳಗ ಹುಡಕಾಕ ಹತ್ತಿದ್ದೆ."

"ಮತ್ತ ನಿಂತಿ ಯಾಕ?"

ಪಾಸ್‌ವರ್ಡ್ ಕೇಳುವ ಸಾಲನ್ನು ಪ್ರೋಗ್ರಾಂನ ಶುರುವಿನಿಂದ ಕಿತ್ತು, ಕೋರಿಕೆ ಬಂದಾಗ ನಡೆಯುವ ಭಾಗಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ಯಾರದೋ ಫೋನಿನಿಂದ ಮೊದಲ ಹೆಸರು ಬಂದು ಕೂತಿತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪಂಕ್ತಿಯ ಕಡೆ ಹೊರಟ ಅಜ್ಜಾರ ಹಿಂದೆಯೇ ಹೋದ.

"ಅಜ್ಜಾರ, ಹಂಗಾರ ಯಾರೂ ಬರೋ ಮೊದಲ ನಮ್ಮ ಕೈಯಾಗ ಏನಿರಬೇಕ್ರಿ?"

ಅಜ್ಜಾರು ಸಾರಿನ ಕೊಳಗದಿಂದ ಸೌಟು ತೆಗೆದು ಅವನ ಕೈಗೆ ಕೊಟ್ಟರು.

"ಬಡಸಾಕ ಇಷ್ಟ ಸಾಕು. ನಡಿ, ಮಂದಿ ಬಂದಾರ."