ಸಾವಿರದ ಹತ್ತನೆಯ ಎಲೆ

ಕೆರೆ ಕಟ್ಟಿ ಮುಗಿಯಿತು. ಮಣ್ಣು ಹೊತ್ತ ಸಾವಿರದ ಒಂಬತ್ತು ಮಂದಿಗೆ ಊಟ ಹಾಕಿಸಲು ಪಾಳೇಗಾರ ಒಪ್ಪಿದ. ಒಪ್ಪಿದವನು ಅಡುಗೆಯವನನ್ನು ಕರೆಸಿ ಗುಡುಗಿದ: "ನಾನು ಮಹಡಿಯಿಂದ ನೋಡುತ್ತೇನೆ. ಸಾಲುಗಳೆಲ್ಲ ಸಮವಾಗಿರಬೇಕು. ಒಂದು ಎಲೆ ಹೆಚ್ಚುಕಡಿಮೆಯಾದರೂ ನಿನ್ನ ಸೌಟು ಕಿತ್ತುಕೊಳ್ಳುತ್ತೇನೆ!"

ಅಡುಗೆಯವ ಅವರೆಕಾಳು ಹರಡಿಕೊಂಡು ಕೂತ. ಎರಡು ಸಾಲು, ಮೂರು ಸಾಲು, ಏಳು ಸಾಲು ಮಾಡಿದ. ಪ್ರತಿಸಲವೂ ಒಂದು ಕಾಳು ಕೈಯಲ್ಲೇ ಉಳಿಯಿತು. ಮೂವತ್ತೊಂದರವರೆಗೂ ನೋಡಿದ, ಯಾವುದೂ ಸಮವಾಗಲಿಲ್ಲ. ಒಂದೇ ಸಾಲು ಹಾಕೋಣವೆಂದರೆ ಅಂಗಳ ಸಾಲದು.

"ಬುದ್ಧಿ, ಇದು ಯಾವ ಪಾಲಿಗೂ ಬಗ್ಗದ ಸಂಖ್ಯೆ," ಎಂದು ಮಹಡಿ ಹತ್ತಿ ಬಂದು ಹೇಳಿದ.

"ಹಾಗಾದರೆ ಒಬ್ಬರನ್ನು ಅಟ್ಟು. ಆ ಮುದುಕಿ ಗಿರಿಯವ್ವನನ್ನೇ ಅಟ್ಟು."

ಗಿರಿಯವ್ವ ಮೂರು ವರ್ಷ ಮಣ್ಣು ಹೊತ್ತವಳು. ಅಡುಗೆಯವ ಕೈಮುಗಿದು ಮೆಲ್ಲಗೆ ಹೇಳಿದ: "ಅಟ್ಟುವುದೇಕೆ ಬುದ್ಧಿ? ಇನ್ನೊಬ್ಬರು ಸೇರಿದರೆ ನೂರಾ ಒಂದರಂತೆ ಹತ್ತು ಸಾಲು. ಬಡಿಸುವ ನಾವು ಕೂರುವಂತಿಲ್ಲ. ಊರವರದು ಊಟವಾಗಿದೆ. ಉಣ್ಣದೆ ಉಳಿದವರು ತಾವೊಬ್ಬರೇ."

ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿ ಮಹಡಿಯತ್ತ ನೋಡುತ್ತಿದ್ದರು. ಪಾಳೇಗಾರ ಮೆಟ್ಟಿಲಿಳಿದ. ಕೊನೆಯ ಸಾಲಿನಲ್ಲಿ, ಗಿರಿಯವ್ವನ ಪಕ್ಕದಲ್ಲಿ, ನೆಲದ ಮೇಲೆ ಕೂತ.

ಬೇಗ ಬೇಗ ಉಂಡು ಏಳಹೋದ. ಅಡುಗೆಯವ ಸೌಟು ಹಿಡಿದು ಎದುರಿಗೆ ನಿಂತ. "ಬುದ್ಧಿ, ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿದ್ದರೂ ಉಳಿದವರು ಏಳಬಾರದು."

ಗಿರಿಯವ್ವನಿಗೆ ಹಲ್ಲಿರಲಿಲ್ಲ. ಪಾಳೇಗಾರನ ಎಂಜಲು ಕೈ ಒಣಗಿತು. ಅವಳು ಮಜ್ಜಿಗೆಗೆ ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡಳು.