ತಾತ್ಯಾಬುವಾರ ರೆಕಾರ್ಡು

ರುದ್ರಯ್ಯನವರ ಮನೆಯಲ್ಲಿ ಭಾನುವಾರ ಸಂಗೀತದ ಪಾಠ ಇರುತ್ತಿರಲಿಲ್ಲ. ಅದು ರೆಕಾರ್ಡು ತೊಳೆಯುವ ದಿನ.

ಧಾರವಾಡದ ಆ ಸಣ್ಣ ಮನೆಯಲ್ಲಿ ಮುನ್ನೂರು ರೆಕಾರ್ಡುಗಳಿದ್ದವು. ಎಂಬತ್ತರ ಹತ್ತಿರ ಬಂದ ಗುರುಗಳ ಕೈ ನಡುಗತೊಡಗಿದ ಮೇಲೆ, ತೊಳೆಯುವ ಕೆಲಸವನ್ನು ಶಿಷ್ಯೆ ನೀಲಾಂಬಿಕೆಗೆ ಒಪ್ಪಿಸಿದ್ದರು.

ನೀಲಾಂಬಿಕೆ ದವಾಖಾನೆಯಲ್ಲಿ ನರ್ಸ್. ಆರು ವರ್ಷದಿಂದ ಅವರಲ್ಲಿ ಹಾಡು ಕಲಿಯುತ್ತಿದ್ದಳು. ಆ ಆರು ವರ್ಷದಲ್ಲಿ ಗುರುಗಳು ಒಮ್ಮೆಯೂ ಅವಳಿಗೆ "ಛಲೋ ಹಾಡಿದಿ" ಅಂದಿರಲಿಲ್ಲ.

ತೊಳೆಯುವುದಕ್ಕೆ ಬೇಕಾದದ್ದು ಕಾಯಿಸಿ ಆರಿಸಿದ ನೀರು, ಎರಡು ಹನಿ ಸೋಪು, ಮೆತ್ತಗಾದ ಹಳೇ ಪಂಚೆಯ ತುಂಡು. ನಡುವಿನ ಕಾಗದಕ್ಕೆ ನೀರು ತಾಗಬಾರದು. ಗೆರೆ ಹೇಗೆ ಸುತ್ತಿದೆಯೋ ಕೈಯೂ ಹಾಗೇ ಸುತ್ತಬೇಕು. ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಒಣಗಲು ನಿಲ್ಲಿಸಬೇಕು.

ಒಂದು ಭಾನುವಾರ ಅವಳು ಹಿತ್ತಲ ಕಟ್ಟೆಯ ಮೇಲಿಂದ ಕೂಗಿ ಹೇಳಿದಳು.

"ಗುರುಗಳ, ಈ ರೆಕಾರ್ಡಿನ ಬೂಷ್ಟು ಹೋಗವಲ್ದು."

"ಇನ್ನೊಮ್ಮೆ ತೊಳಿ."

"ಮೂರು ಸಲ ತೊಳದೇನ್ರಿ."

"ಹಂಗಾದ್ರ ಇರಲಿ ಬಿಡು. ಅದು ಬಂದು ಕುಂಡ್ರಾಕ ಇಪ್ಪತ್ತು ವರ್ಷ ತಗೊಂಡೈತಿ. ಎದ್ದು ಹೋಗಾಕ ಒಂದು ತಾಸು ಸಾಲೂದಿಲ್ಲ."

ನೀಲಾಂಬಿಕೆಗೆ ಆ ಮಾತು ಹಿಡಿಸಲಿಲ್ಲ. ದಿನಾ ದವಾಖಾನೆಯಲ್ಲಿ ಅವಳು ಎಂತೆಂಥ ಹೊಲಸನ್ನೋ ಸ್ವಚ್ಛ ಮಾಡುವವಳು. ಮುಂದಿನ ಭಾನುವಾರ ಚೀಲದಲ್ಲಿ ಒಂದು ಬಾಟಲಿ ಸ್ಪಿರಿಟ್ಟು, ಒಂದು ಉಂಡೆ ಹತ್ತಿ ತಂದಳು. ಗುರುಗಳಿಗೆ ಹೇಳಲಿಲ್ಲ.

ಬೂಷ್ಟು ಹಿಡಿದಿದ್ದ ಅದೇ ಪ್ಲಾಸ್ಟಿಕ್ಕಿನ ವಿನೈಲ್ ರೆಕಾರ್ಡಿನ ಮೇಲೆ ಹತ್ತಿ ಎರಡು ಸುತ್ತು ಸುತ್ತಿತು. ಬೂಷ್ಟು ಮಾಯವಾಯಿತು. ತಟ್ಟೆ ಹೊಸದರಂತೆ ಮಿರಮಿರ ಮಿಂಚಿತು.

ಸಂಜೆ ಗುರುಗಳು ಅದನ್ನು ಹಾಕಿಕೊಂಡು ಕೇಳಿದರು.

"ಇವತ್ತು ಛಲೋ ಕೇಳಸ್ತೈತಿ" ಅಂದರು.

ಅವರು ಹೇಳಿದ್ದು ರೆಕಾರ್ಡಿಗೆ. ನೀಲಾಂಬಿಕೆ ಅದನ್ನು ತನಗೇ ಇಟ್ಟುಕೊಂಡಳು.

ಮತ್ತೊಂದು ವಾರ ಕಳೆಯಿತು. ಅವಳು ಕಪಾಟಿನ ಮೇಲಿನ ಅರೆಗೆ ಕೈಹಾಕಿದಳು. ಅಲ್ಲಿದ್ದವು ಹಳೇ ಕಾಲದ, ಬಿದ್ದರೆ ಗಾಜಿನಂತೆ ಒಡೆಯುವ ರೆಕಾರ್ಡುಗಳು. ಅವುಗಳಲ್ಲೊಂದು ತಾತ್ಯಾಬುವಾರದು.

ತಾತ್ಯಾಬುವಾ ರುದ್ರಯ್ಯನವರ ಗುರುಗಳು. ಯಂತ್ರದ ಮುಂದೆ ಹಾಡುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ರೆಕಾರ್ಡು ಕೊಟ್ಟಿದ್ದರು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಸಿಕ್ಕಿರಲಿಲ್ಲ.

'ಇದು ಮಿಂಚಿದರೆ ಗುರುಗಳು ಏನಂದಾರು!' ನೀಲಾಂಬಿಕೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಅದ್ದಿ, ಅಂಚಿನಿಂದ ಸುತ್ತತೊಡಗಿದಳು.

ನಾಲ್ಕನೆಯ ಸುತ್ತಿಗೆ ಹತ್ತಿ ಅಂಟಿದಂತಾಯಿತು. ಎತ್ತಿ ನೋಡಿದಳು. ಹತ್ತಿ ಕಪ್ಪಗಾಗಿತ್ತು.

ಎಷ್ಟೊಂದು ಕೊಳೆ ಅಂದುಕೊಂಡಳು. ಆಮೇಲೆ ರೆಕಾರ್ಡನ್ನು ಬೆಳಕಿಗೆ ಹಿಡಿದಳು. ಹೊರಗಿನ ಎರಡು ಬೆರಳಗಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಗೆರೆಗಳು ಇದ್ದೂ ಇಲ್ಲದಂತೆ ಮಸುಕಾಗಿದ್ದವು. ಆ ಹಳೇ ರೆಕಾರ್ಡು ಅರಗಿನದು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಹತ್ತಿಗೆ ಬಂದದ್ದು ಕೊಳೆಯಲ್ಲ, ಹಾಡು.

ಅವಳು ಬಾಟಲಿಯ ಮುಚ್ಚಳ ಹಾಕಿದಳು. ರೆಕಾರ್ಡನ್ನು ಒಣಗಿಸಿ, ಕಾಗದದ ಚೀಲಕ್ಕೆ ಹಾಕಿ, ಇದ್ದ ಜಾಗದಲ್ಲೇ ಇಟ್ಟು ಮನೆಗೆ ಹೋದಳು.

ಆ ವಾರ ಮೂರು ಪಾಠ ಆದವು. ಮೂರರಲ್ಲೂ ಅವಳ ಷಡ್ಜ ನಿಲ್ಲಲಿಲ್ಲ.

"ನೀಲವ್ವ, ಗಂಟಲದಾಗ ಏನರ ಆಗೇತೇನು?"

"ಇಲ್ರಿ."

"ಮನ್ಯಾಗ?"

"ಎಲ್ಲಾ ಆರಾಮ ಅದಾರ್ರಿ."

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. "ಹಂಗಾದ್ರ ಮನಸಿನ್ಯಾಗ ಏನೈತಿ, ಅದನ್ನ ಹೇಳಿಬಿಡು. ಆಮ್ಯಾಲ ಹಾಡೂಣಂತ."

ಅವಳು ಎದ್ದು ಹೋಗಿ ಮೇಲಿನ ಅರೆಯಿಂದ ರೆಕಾರ್ಡು ತಂದು ಅವರ ಮುಂದೆ ಇಟ್ಟಳು. ಬಾಟಲಿಯ ಸಂಗತಿ, ಹತ್ತಿಯ ಸಂಗತಿ, ಮುಚ್ಚಿಟ್ಟ ಸಂಗತಿ, ಎಲ್ಲವನ್ನೂ ಹೇಳಿದಳು. ಹೇಳುವಾಗ ತಲೆ ಎತ್ತಲಿಲ್ಲ.

ರುದ್ರಯ್ಯನವರು ರೆಕಾರ್ಡನ್ನು ಹೊರತೆಗೆದು, ಬೂದಿಬಣ್ಣದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಅವಳಿಗೆ ಅವರು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಅವರು ಎದ್ದು, ಯಂತ್ರದ ಸೂಜಿ ಬದಲಿಸಿ, ರೆಕಾರ್ಡು ಹಾಕಿದರು.

ಬರೀ ಬುಸ್ಸೆನ್ನುವ ಸದ್ದು. ಸ್ವರ ಇಲ್ಲ, ತಬಲಾ ಇಲ್ಲ. ಬುಸುಬುಸು ಮುಂದುವರಿಯಿತು. ಕಡೆಗೆ, ಯಾರೋ ದೂರದ ಕೋಣೆಯ ಬಾಗಿಲು ತೆರೆದಂತೆ, ತಾತ್ಯಾಬುವಾರ ತೋಡಿ ರಾಗ ನಡುವಿನಿಂದ ಕೇಳಿಬಂತು.

ಮುಗಿಯುವವರೆಗೆ ಗುರುಗಳು ಕಣ್ಣು ಮುಚ್ಚಿ ಕುಳಿತಿದ್ದರು.

"ಎಷ್ಟು ಹೋಗೇತಿ?"

"ಒಂದು ನಿಮಿಷದ ಮ್ಯಾಲ ಆಗೇತ್ರಿ."

"ಹೋಗಿದ್ದು ಹ್ಯಾಂಗಿತ್ತು, ನೆನಪೈತೇನು?"

"ಇಲ್ರಿ. ಅದನ್ನ ನಾ ಒಮ್ಮಿನೂ ಕೇಳಿಲ್ರಿ. ತೊಳಿಯೂದಷ್ಟ ಮಾಡೇನಿ."

"ಹೂಂ" ಅಂದರು ಗುರುಗಳು. "ತಂಬೂರಿ ತಗಿ. ಬುವಾ ಅವರ ಸುರಕ್ಕ ಹಚ್ಚು."

ಅವಳು ರೆಕಾರ್ಡಿನ ಶ್ರುತಿಗೆ ತಂಬೂರಿ ಕೂಡಿಸಿದಳು.

ರುದ್ರಯ್ಯನವರು ಅಳಿಸಿಹೋದ ಭಾಗವನ್ನು ನೆನಪಿನಿಂದ ಹಾಡಿದರು. ಸಭೆಯಲ್ಲಿ ಹಾಡುವುದು ಬಿಟ್ಟು ಅವರಿಗೆ ಹತ್ತು ವರ್ಷವಾಗಿತ್ತು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೂ ಪ್ರತಿ ಸ್ವರಕ್ಕೂ ಎಲ್ಲಿ ನಿಲ್ಲಬೇಕು, ಎಲ್ಲಿಂದ ಏಳಬೇಕು ಎಂಬುದು ಗೊತ್ತಿತ್ತು. ರೆಕಾರ್ಡಿನಲ್ಲಿ ದನಿ ಶುರುವಾಗುವ ಜಾಗ ಬಂದೊಡನೆ ಅವರು ನಿಲ್ಲಿಸಿದರು.

"ನೀ ಹಾಡು."

ಹಾಡಿದಳು.

"ಅಲ್ಲ. ಗಾಂಧಾರ ಇನ್ನೂ ಕೆಳಗ."

ಮತ್ತೆ ಹಾಡಿದಳು.

"ಅವಸರ ಮಾಡಬ್ಯಾಡ. ಬುವಾ ಅವರಿಗೆ ಯಾವ ಗಾಡಿನೂ ಹಿಡಿಯೂದು ಇರಲಿಲ್ಲ."

ಅಂದು ಅವಳು ದವಾಖಾನೆಗೆ ರಜೆ ಹಾಕಿದಳು. ಮರುದಿನವೂ ಅದೇ ಒಂದು ನಿಮಿಷ. ಅದರ ಮರುದಿನವೂ. ಆರು ವರ್ಷ ಕಲಿತದ್ದೆಲ್ಲ ಆ ಒಂದು ನಿಮಿಷದ ಮುಂದೆ ಒರಟಾಗಿ ಕಾಣತೊಡಗಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಗುರುಗಳು ಮಾತಾಡದೆ ರೆಕಾರ್ಡು ಹಾಕಿದರು. ಸೂಜಿ ಬುಸುಗುಟ್ಟತೊಡಗಿತು.

"ಹಾಡು" ಅಂದರು.

ನೀಲಾಂಬಿಕೆ ಆ ಬುಸುಬುಸಿನ ಮೇಲೆ ಹಾಡಿದಳು. ಯಾರನ್ನೂ ಮೆಚ್ಚಿಸುವುದು ನೆನಪಿರಲಿಲ್ಲ. ಜಾಗ ತಪ್ಪಬಾರದು ಎಂಬುದೊಂದೇ ಇತ್ತು. ನಿಷಾದದಿಂದ ಎದ್ದು ಅವಳು ಷಡ್ಜಕ್ಕೆ ಬಂದು ನಿಂತಳು. ಅದೇ ಷಡ್ಜದ ಮೇಲೆ ತಾತ್ಯಾಬುವಾರ ದನಿ ಬಂದು ಕೂಡಿತು. ಅವಳು ಸುಮ್ಮನಾದಳು. ಹಾಡು ಮುಂದೆ ಹೋಯಿತು.

ರುದ್ರಯ್ಯನವರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು. "ಛಲೋ" ಅನ್ನಲಿಲ್ಲ. ಅವಳೂ ಅದಕ್ಕೆ ಕಾಯಲಿಲ್ಲ. ಅವಳಿಗೆ ಬೇರೊಂದು ಮಾತು ಬೇಕಿತ್ತು.

"ಗುರುಗಳ, ನೀವು ನನ್ನ ಕ್ಷಮಾ ಮಾಡೀರೋ ಇಲ್ಲೋ? ಅದೊಂದು ಹೇಳಿಬಿಡ್ರಿ."

ಗುರುಗಳು ಯಂತ್ರ ನಿಲ್ಲಿಸಿದರು. ರೆಕಾರ್ಡನ್ನು ಎತ್ತಿ, ನಡುಗುವ ಕೈಯಿಂದ ಮಗುಚಿ, ಅವಳ ಎರಡೂ ಅಂಗೈಗಳ ಮೇಲೆ ಇಟ್ಟರು.

"ಈ ಬಾಜೂದು ಇನ್ನೂ ತೊಳದಿಲ್ಲ."