ಚಪ್ಪಾಳೆಯೊಳಗಿನ ಸದ್ದುಗಳು

ಅಂಗಳ ಗುಡಿಸಿ, ಚಾಪೆ ಹಾಸಿ, ಶಿಷ್ಯೆ ಸುವ್ರತೆ ಎಂದಿನಂತೆ ಬೆಳಕಿಗೆ ಮುಖ ಮಾಡಿ ಕುಳಿತಳು. ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಮಾತಾಡುವವರು ಹಾಗೆಯೇ ಕೂರಬೇಕು. ಕಿವಿ ಮತ್ತು ಮಾತಿನ ವಿದ್ಯೆ ಕಲಿಸುವ ಭುಜಬಲಿ ಗುರುಗಳು ಅದರ ಕಾರಣ ಹೇಳಿರಲಿಲ್ಲ. ಅವಳು ಅದನ್ನು ಶಿಸ್ತು ಎಂದುಕೊಂಡಿದ್ದಳು.

ಅಂದು ದ್ಯಾಮವ್ವ ಎಂಬಾಕೆ ಮಗಳು ಚಂಪಿಯನ್ನು ಕರೆತಂದಳು. ಕರೆದರೆ ಹುಡುಗಿ ಓಡಿ ಬರುತ್ತಾಳಂತೆ, ಹೇಳಿದ್ದು ಮಾತ್ರ ತಪ್ಪಾಗಿ ಮಾಡುತ್ತಾಳಂತೆ. ಇನ್ನು ಕಳಿಸಬೇಡಿ ಎಂದು ಶಾಲೆಯವರು ಹೇಳಿದ್ದರು.

"ಕಿವಿ ಕೇಳಸದಿದ್ರ ಹೇಳ್ರಿ. ಬರೇ ಸೊಕ್ಕಾದ್ರ ನಾಳಿಂದ ನನ್ನ ಕೂಡ ಹೊಲಕ್ಕ ಬರ್ಲಿ."

ಗುರುಗಳು ಶಿಷ್ಯೆಯತ್ತ ನೋಡಿದರು. ಸುವ್ರತೆ ಹುಡುಗಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಚಂಪಿ ತಟ್ಟನೆ ತಿರುಗಿದಳು.

ಕೇಳಿಸುತ್ತದೆ ಎಂದಳು ಸುವ್ರತೆ. ದ್ಯಾಮವ್ವ ಮಗಳ ರಟ್ಟೆ ಹಿಡಿದು ಎದ್ದಳು.

"ಕೂಡ್ರವ್ವ," ಎಂದರು ಗುರುಗಳು. ಆಮೇಲೆ ಶಿಷ್ಯೆಗೆ, "ಒಂದು ಚಪ್ಪಾಳಿಯೊಳಗ ಎಂಥೆಂಥಾ ಸದ್ದು ಅದಾವ?"

"ಮಂದ್ರದಿಂದ ತಾರದ ತನಕ ಎಲ್ಲಾ ಅದಾವ್ರಿ."

"ಈಕಿ ಯಾವುದಕ್ಕ ತಿರುಗಿದ್ಲು?"

ಸುವ್ರತೆಗೆ ತನ್ನ ತಪ್ಪು ಹೊಳೆಯಿತು. ಕಾಳಿನ ರಾಶಿಯನ್ನೇ ಜರಡಿಗೆ ಸುರಿದವಳಂತೆ, ಕೆಳಗೆ ಏನೋ ಉದುರಿತೆಂದಷ್ಟೇ ನೋಡಿದ್ದಳು.

ಗುರುಗಳು ಹುಡುಗಿಯ ಬೆನ್ನ ಹಿಂದೆ ದಪ್ಪ ದನಿಯಲ್ಲಿ ಮೆಲ್ಲಗೆ 'ಊಂ' ಎಂದರು. ತಿರುಗಿದಳು. ಆಮೇಲೆ ಅವಳ ಕಿವಿಯ ಪಕ್ಕ ಎರಡು ಬೆರಳು ಉಜ್ಜಲು ಸುವ್ರತೆಗೆ ಹೇಳಿ, ತಾವು ಮಗುವಿನ ಕಣ್ಣನ್ನೇ ನೋಡುತ್ತ ಕುಳಿತರು. ಒಣ ಬೆರಳುಗಳು ಸರಸರ ಎಂದವು. ಚಂಪಿ ಹೊಳೆ ನೋಡುತ್ತಲೇ ಇದ್ದಳು. ಇನ್ನೊಂದು ಕಿವಿಗೂ ಅಷ್ಟೇ.

ಮಾತಿನ ದಪ್ಪ ಸದ್ದು ಇವಳಿಗೆ ತಲುಪುತ್ತದೆ, 'ಸ', 'ಶ'ದಂಥ ಸಣ್ಣ ಸದ್ದು ತಲುಪುವುದಿಲ್ಲ ಎಂದು ಗುರುಗಳು ತಿಳಿಸಿ ಹೇಳಿದರು. ಕಿವಿಗೆ ಯಂತ್ರ ಹಾಕಿಸಬೇಕು. ಶಾಲೆಯಲ್ಲಿ ಮಾಸ್ತರರ ಮುಖ ಕಾಣುವಂತೆ ಕೂರಿಸಬೇಕು. ಓದುತ್ತಾಳೆ.

ದ್ಯಾಮವ್ವ ಅಳುತ್ತ ಅವರ ಕಾಲಿಗೆ ಬಾಗಿದಳು.

"ನನಗಲ್ಲವ್ವ, ಮಗಳಿಗೆ ಕೈ ಮುಗಿ. ಅರ್ಧ ಮಾತಿನಾಗ ಇಷ್ಟು ವರ್ಷ ನಿನ್ನ ತಿಳಕೊಂಡಾಳ."

ತಾಯಿ ಮಗಳನ್ನು ಎತ್ತಿಕೊಂಡು ಹೋದಳು. ಎತ್ತಿಕೊಳ್ಳುವ ವಯಸ್ಸು ಮೀರಿದ ಹುಡುಗಿ, ಕಾಲು ಜೋಲಾಡುತ್ತಿದ್ದವು.

ತನ್ನ ತಪ್ಪನ್ನು ಗುರುಗಳು ದ್ಯಾಮವ್ವನ ಮುಂದೆ ಎತ್ತಿ ಆಡಲಿಲ್ಲವೆಂದು ಸುವ್ರತೆಯ ಮನಸ್ಸು ತುಂಬಿತ್ತು. ಮತ್ತೆ ಬೆಳಕಿಗೆ ಮುಖ ಮಾಡಿ ಕುಳಿತು ಕೇಳಿದಳು.

"ಬೆರಳು ನೀವ ಉಜ್ಜಬಹುದಿತ್ತಲ್ರಿ ಗುರುಗಳೇ. ನನಗ್ಯಾಕ ಹೇಳಿದ್ರಿ?"

ಗುರುಗಳು ಅವಳ ತುಟಿಗಳನ್ನು ನೋಡುತ್ತ ಪ್ರಶ್ನೆ ಮುಗಿಯುವವರೆಗೆ ಕಾದರು.

"ಆ ಸದ್ದು ನನಗೂ ಕೇಳಸೂದಿಲ್ಲವ್ವ."